ಪಾಪಮ್ಮನ ಹಗೇವು ತೆಗೆದ ವರ್ಷ

ಮೊನ್ನೆ ನಮ್ಮ ಹಳೆಯ ಕಚೇರಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕೋಲಾರದ ನಮ್ಮ ಮನೆಗೆ ಬಂದಿದ್ದಳು. ಕೈಯಲ್ಲಿ ಟ್ಯಾಬು, ಕಿವಿಯಲ್ಲಿ ವೈರು. "ನಿಮ್ಮ ಕಾಲದಲ್ಲಿ ಫೀಲ್ಡ್ ವರ್ಕ್ ಹೇಗಿತ್ತು ಮೇಡಂ, ಸ್ವಲ್ಪ ಹೇಳಿ" ಎಂದಳು. "ಹಗೇವು ನೋಡಿದ್ದೀಯೇನಮ್ಮ?" ಎಂದು ಕೇಳಿದೆ. "ಫೋಟೊ ನೋಡಿದ್ದೀನಿ ಮೇಡಂ" ಎಂದಳು. ಫೋಟೊದಲ್ಲಿ ವಾಸನೆ ಬರುತ್ತದೆಯೇ? ಅವಳು ಕಾಫಿ ಕುಡಿದು ಹೋದಳು, ನಾನು ಇದನ್ನು ಬರೆಯಲು ಕೂತೆ.

ಹಗೇವು ಎಂದರೆ ನೆಲದೊಳಗಿನ ಕಣಜ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು, ಭೂಮಿಯಲ್ಲಿ ಹೂತಿಟ್ಟ ದೊಡ್ಡ ಗುಡಾಣ ಅಂದುಕೊಳ್ಳಿ. ಒಳಗೋಡೆಗೆ ಒಣಹುಲ್ಲು ಒತ್ತಿ, ರಾಗಿ ಸುರಿದು, ಮೇಲೆ ಮತ್ತೆ ಹುಲ್ಲು ಹಾಸಿ, ಚಪ್ಪಡಿ ಎಳೆದು, ಅದರ ಮೇಲೆ ಸಗಣಿ ಬೆರೆಸಿದ ಜೇಡಿಮಣ್ಣು ಮೆತ್ತಿ, ಬೂದಿ ಚೆಲ್ಲಿ, ಮಣ್ಣು ಮುಚ್ಚುತ್ತಿದ್ದರು. ವರ್ಷಗಟ್ಟಲೆ ರಾಗಿ ಕೆಡುತ್ತಿರಲಿಲ್ಲ. ತೆಗೆದಾಗ ಮಾತ್ರ ಒಂದು ವಾಸನೆ ಏಳುತ್ತಿತ್ತು. ಹುಳಿಯೂ ಅಲ್ಲ, ಹೊಗೆಯೂ ಅಲ್ಲ, ನೆಲದ್ದೇ ಒಂದು ಘಾಟು. ಆ ರಾಗಿಯ ಮುದ್ದೆ ಉಂಡವರಿಗೆ ಬೇರೆ ಮುದ್ದೆ ಸಪ್ಪೆ. ಉಣ್ಣದವರು ಮೂಗು ಮುಚ್ಚಿಕೊಂಡು ಓಡುತ್ತಿದ್ದರು.

ನನ್ನ ಬಡ್ತಿಗಳ ಕಥೆ ಇಲ್ಲಿ ಇಲ್ಲ. ಸಂಶೋಧನಾ ಸಹಾಯಕಿಯಾಗಿ ಸೇರಿದೆ, ಅದಕ್ಕಿಂತ ಉದ್ದನೆಯ ಹೆಸರಿನ ಹುದ್ದೆಯಲ್ಲಿ ನಿವೃತ್ತಳಾದೆ. ಮಧ್ಯದ ಮೆಟ್ಟಿಲು ಯಾರಿಗೆ ಬೇಕು? ನನಗೇ ಬೇಡ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಗೆ ಹೊಸ ಹುಚ್ಚು ಹಿಡಿದಿತ್ತು. ಗಣಿತದವರು, ರಸಾಯನಶಾಸ್ತ್ರದವರು, ವಿನ್ಯಾಸದವರು, ಸಮಾಜನೀತಿಯವರು ಎಲ್ಲರೂ ಬೇರೆ ಬೇರೆ ಕೋಣೆಯಲ್ಲಿ ಕೂತು ಪ್ರಬಂಧ ಬರೆಯುವ ಬದಲು ಒಂದೇ ಗುಂಡಿಯೊಳಕ್ಕೆ ಇಣುಕಿ ನೋಡಲಿ ಎಂಬ ಹುಚ್ಚು. ಆ ಗುಂಡಿಯೇ ನಮ್ಮ ಹಗೇವು. ಅದರಲ್ಲಿ ಎಷ್ಟು ರಾಗಿ ಹಿಡಿಯುತ್ತದೆ ಎಂಬುದು ಗಣಿತದವರ ಪ್ರಶ್ನೆ. ಒಳಗಿನ ಗಾಳಿ ಎಂಥದು ಎಂಬುದು ರಸಾಯನದವರದು. ಇನ್ನೂ ಚೆನ್ನಾಗಿ ಮಾಡಬಹುದೇ ಎಂಬುದು ವಿನ್ಯಾಸದವರದು. ಹಳ್ಳಿ ಮನೆಗಳಿಗೆ ಇದರ ಬದಲು ತಗಡಿನ ಕಣಜ ಕೊಡಬಹುದೇ ಎಂದು ಸರ್ಕಾರಕ್ಕೆ ಹೇಳುವುದು ನೀತಿಯವರ ಪಾಲಿನದು. ಇವೆಲ್ಲಕ್ಕೂ ಕೋಲಾರದಲ್ಲಿ ಬಾಡಿಗೆ ಮನೆಯೊಂದರಲ್ಲಿ ಶಾಖಾ ಕಚೇರಿ ತೆರೆದರು.

ನನಗೆ ಕೆಲಸ ಸಿಕ್ಕಿದ್ದು ನಾಲಿಗೆಯಿಂದ. ಶ್ರೀನಿವಾಸಪುರದವಳು ನಾನು. ಬಿ.ಎಸ್ಸಿ. ಆಗಿತ್ತು, ಆದರೆ ಅದು ಬೇಕಾದಷ್ಟು ಜನರಿಗೆ ಆಗಿತ್ತು. ಸಂದರ್ಶನದಲ್ಲಿ "ತೆಲುಗು ಬರುತ್ತೇನಮ್ಮ?" ಎಂದು ಕೇಳಿದರು. "ನಮ್ಮನೇಲಿ ಜಗಳ ಆಡೋದೇ ತೆಲುಗಲ್ಲಿ ಸಾರ್" ಎಂದೆ. ಕೇಳಿದವರು ಜೋರಾಗಿ ನಕ್ಕರು. ಅವರೇ ಮುಂದೆ ನನ್ನ ಮೇಲಧಿಕಾರಿಯಾದ ಡಾಕ್ಟರ್ ಸುಬ್ಬರಾಯರು.

ಸುಬ್ಬರಾಯರು ಲೆಕ್ಕದ ಡಾಕ್ಟರು. ಮೈಸೂರಿನ ಕಡೆಯವರು, ತೆಲುಗು ಒಂದಕ್ಷರ ಬಾರದು. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು, ಬಂದಷ್ಟೇ ಬೇಗ ಇಳಿದೂ ಹೋಗುತ್ತಿತ್ತು. ಯಾರಾದರೂ "ಸುಮಾರು" ಎಂಬ ಪದ ಬಳಸಿದರೆ ಮೈಮೇಲೆ ದೇವರು ಬಂದವರ ಹಾಗೆ ಎಗರಾಡುತ್ತಿದ್ದರು. ಪಾಪ, ಅಂಥವರನ್ನು ತಂದು "ದೇವ್ರು ಕೊಟ್ಟಷ್ಟೈತೆ" ಎಂದು ಉತ್ತರ ಕೊಡುವ ಜನರ ಮಧ್ಯೆ ಬಿಟ್ಟಿದ್ದರು. ವಕ್ಕಲೇರಿಯಲ್ಲಿ ಮೊದಲ ದಿನವೇ ಒಬ್ಬ ಯಜಮಾನರನ್ನು "ನಿಮ್ಮ ಮನೆಯಲ್ಲಿ ಒಟ್ಟು ಎಷ್ಟು ರಾಗಿ ಇದೆ?" ಎಂದು ನೇರವಾಗಿ ಕೇಳಿಬಿಟ್ಟರು. ಆತ ನನ್ನ ಕಡೆ ತಿರುಗಿ, "ಈ ಯಪ್ಪಂಗೆ ಮದ್ವೆಗಿರೋ ಹೆಣ್ಮಕ್ಕಳವ್ರಾ? ಯಾರ ಮನೇಲಾದ್ರೂ ಇಂಗೆ ಕೇಳ್ತಾರೇನಮ್ಮ?" ಎಂದ. ಇದ್ದ ರಾಗಿಯನ್ನು ಬಾಯಿಬಿಟ್ಟು ಹೇಳಿದರೆ ಏಳ್ಗೆ ಇರುವುದಿಲ್ಲ ಎಂಬ ನಂಬಿಕೆ ನಮ್ಮ ಸೀಮೆಯಲ್ಲಿ. ಅದನ್ನು ಜೀಪಿನಲ್ಲಿ ವಾಪಸು ಬರುವಾಗ ಅವರಿಗೆ ಬಿಡಿಸಿ ಹೇಳಿದೆ. "ಹಾಗಾದರೆ ಈ ಪ್ರಶ್ನಾವಳಿ ಮಾಡಿದ್ದು ಯಾವ ಕತ್ತೆ?" ಎಂದು ಕೂಗಾಡಿದರು. ಮಾಡಿದ್ದು ಅವರೇ. ನಾನು ಕಿಟಕಿಯ ಹೊರಗೆ ನೋಡುತ್ತಾ ಕೂತೆ.

ಎಡವಟ್ಟುಗಳಿಗೆ ನಮ್ಮಲ್ಲಿ ಬರವಿರಲಿಲ್ಲ. ಮುಳಬಾಗಿಲು ಕಡೆಯ ಹಳ್ಳಿಯೊಂದರಲ್ಲಿ ಗುರುತಿಗೆಂದು ಎಲ್ಲ ಹಗೇವುಗಳ ಹತ್ತಿರ ಸುಣ್ಣದಲ್ಲಿ ಒಂದೊಂದು ಅಂಕಿ ಬರೆದು ಬಂದೆವು. ಲೆವಿ ವಸೂಲಿಯ ಕಾಲ ಅದು, ಸರ್ಕಾರದವರು ಬಂದು ಧಾನ್ಯ ಎಳೆದೊಯ್ಯುತ್ತಿದ್ದ ನೆನಪು ಹಳ್ಳಿಯವರಿಗೆ ಇನ್ನೂ ಹಸಿಯಾಗಿತ್ತು. ಮಾರನೆಯ ದಿನ ಹೋಗಿ ನೋಡುತ್ತೇವೆ, ಊರಿನಲ್ಲಿ ಒಂದೇ ಒಂದು ಹಗೇವು ಇಲ್ಲ! ಒಂದರ ಮೇಲೆ ತಿಪ್ಪೆ, ಇನ್ನೊಂದರ ಮೇಲೆ ಹುಲ್ಲಿನ ಮೆದೆ, ಮತ್ತೊಂದರ ಮೇಲೆ ಎಮ್ಮೆ ಕಟ್ಟಿಹಾಕಿದ್ದಾರೆ. "ಹಗೇವಾ? ನಮ್ ತಾತನ ಕಾಲ್ದಾಗೆ ಇದ್ವು" ಎಂದರು ಒಬ್ಬರು, ನಿನ್ನೆ ತಾನೆ ನಮಗೆ ಮಜ್ಜಿಗೆ ಕೊಟ್ಟಿದ್ದವರು. ಡಾಕ್ಟರು ಎಮ್ಮೆಯನ್ನೇ ದುರುಗುಟ್ಟಿ ನೋಡುತ್ತಾ ನಿಂತಿದ್ದರು.

ಇನ್ನೊಂದು ಸಲ ವಿನ್ಯಾಸದವರು, ಗಾಳಿಯೇ ಆಡದಂಥ ಕಲ್ಲಿನ ಮುಚ್ಚಳದ ನಕ್ಷೆ ಬರೆದು ಶಿವಾರಪಟ್ಟಣದ ಶಿಲ್ಪಿಯೊಬ್ಬರಿಗೆ ಕೊಟ್ಟರು. ವಿಗ್ರಹ ಕೆತ್ತುವ ಕೈಗೆ ಬೋಳು ಕಲ್ಲು ಕೊಟ್ಟರೆ ಸುಮ್ಮನಿರುತ್ತದೆಯೇ? ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸವಿರಲಿಲ್ಲ, ಆದರೆ ಮೇಲೆ ಸೊಗಸಾದ ಪದ್ಮ ಅರಳಿತ್ತು. ಅದನ್ನು ತಂದು ಒಂದು ಮನೆಯ ಹಗೇವಿಗೆ ಮುಚ್ಚಿದೆವು. ಹದಿನೈದು ದಿನ ಬಿಟ್ಟು ಗಾಳಿ ಪರೀಕ್ಷೆಗೆ ಹೋದರೆ ಪದ್ಮಕ್ಕೆ ಅರಿಶಿನ ಕುಂಕುಮ, ಪಕ್ಕದಲ್ಲಿ ಒಡೆದ ತೆಂಗಿನಕಾಯಿ. "ಎತ್ತಬ್ಯಾಡಿ ಸ್ವಾಮಿ, ಅಮ್ಮ ನೆಲೆ ನಿಂತವ್ಳೆ" ಎಂದು ಮನೆಯ ಹೆಂಗಸು ಅಡ್ಡ ನಿಂತಳು. ನಾನು ನಗು ತಡೆಯಲಾರದೆ ಜೀಪಿನ ಹಿಂದಕ್ಕೆ ಓಡಿದೆ. ಆ ಮುಚ್ಚಳದ ಪ್ರಯೋಗ ಅಲ್ಲಿಗೆ ಮುಗಿಯಿತು.

ಇವೆಲ್ಲ ನಗುವ ಮಾತಾಯಿತು. ಈಗ ಪಾಪಮ್ಮನ ವಿಷಯಕ್ಕೆ ಬರುತ್ತೇನೆ.

ಟೇಕಲ್ ಬೆಟ್ಟದ ಆಚೆಗೆ ಒಂದು ಹಳ್ಳಿ, ಅದರ ಹೆಸರು ಬೇಡ. ಅಲ್ಲಿ ಒಂದು ಪದ್ಧತಿಯಿತ್ತು. ಒಮ್ಮೆ ಬಾಯಿ ತೆಗೆದ ಹಗೇವನ್ನು ಅರ್ಧಕ್ಕೆ ಮುಚ್ಚಿದರೆ ರಾಗಿ ಕೆಡುತ್ತದೆ, ತೆಗೆದರೆ ಪೂರ್ತಿ ತೆಗೆಯಬೇಕು. ಅಷ್ಟು ರಾಗಿಯನ್ನು ಒಂದು ಮನೆಯವರು ಎಲ್ಲಿಡಬೇಕು? ಅದಕ್ಕೇ ಮನೆಗಳು ಸರದಿ ಹಾಕಿಕೊಂಡಿದ್ದವು. ಈ ಸಲ ಒಬ್ಬರ ಹಗೇವು ತೆಗೆದರೆ ಊರೆಲ್ಲ ಬಂದು ಪಾಲು ಒಯ್ಯುತ್ತಿತ್ತು, ಮುಂದಿನ ಸಲ ಇನ್ನೊಬ್ಬರದು. ಬಾಯಿ ತೆಗೆಯುವ ದಿನ ಹಬ್ಬದ ಹಾಗೆ ಇರುತ್ತಿತ್ತು. ಕೆಟ್ಟ ಗಾಳಿ ಹೋಗಲೆಂದು ಕಾಯುವುದು, ದೀಪ ಇಳಿಬಿಟ್ಟು ಆರುತ್ತದೆಯೋ ಇಲ್ಲವೋ ನೋಡುವುದು, ಆಮೇಲೆ ಹಗ್ಗ ಕಟ್ಟಿಕೊಂಡು ಒಬ್ಬ ಇಳಿಯುವುದು, ಮೇಲೆ ಹೆಂಗಸರು ಮೊರ ಮಂಕರಿ ಹಿಡಿದು ಸಾಲಾಗಿ ಕೂತು ಹರಟುವುದು. ಮುಚ್ಚಿದವನೇ ತೆಗೆಯಬೇಕು ಎಂಬುದು ಅಲ್ಲಿನ ಇನ್ನೊಂದು ಮಾತು. ಮುಚ್ಚುವಾಗ ಹಸಿ ಜೇಡಿಮಣ್ಣಿನ ಮೇಲೆ ಅಂಗೈ ಒತ್ತಿ ಗುರುತು ಬಿಡುತ್ತಿದ್ದರು, ತೆಗೆಯುವಾಗ ಆ ಗುರುತನ್ನು ಅವರೇ ಒಡೆಯುತ್ತಿದ್ದರು.

ಆ ಊರಿನಲ್ಲಿ ಸರದಿ ತಪ್ಪಿ ತಪ್ಪಿ ಹೋಗುತ್ತಿದ್ದ ಹಗೇವು ಒಂದೇ ಒಂದು. ಊರಿನ ಎತ್ತರದ ಬಂಡೆನೆಲದಲ್ಲಿದ್ದ ಪಾಪಮ್ಮನದು. ಅವಳ ಮಗ ಕಿಟ್ಟಪ್ಪ ಅದನ್ನು ಮುಚ್ಚಿ, ಅಂಗೈ ಒತ್ತಿ, "ನಮ್ ಸರದಿ ಬರೋ ಹೊತ್ಗೆ ಬಂದ್ಬಿಡ್ತೀನಿ, ನಾನೇ ತೆಗೀತೀನಿ" ಎಂದು ಹೇಳಿ ಬೊಂಬಾಯಿ ಕಡೆ ಕೆಲಸಕ್ಕೆಂದು ಲಾರಿ ಹತ್ತಿದವನು. ಅಷ್ಟೇ. ಆಮೇಲೆ ಸುದ್ದಿಯಿಲ್ಲ, ಸುಳಿವಿಲ್ಲ. ಹುಡುಕಿಕೊಂಡು ಹೋದವರು ಬರಿಗೈಯಲ್ಲಿ ಬಂದಿದ್ದರು. ಸರದಿ ಬಂದಾಗಲೆಲ್ಲ ಪಾಪಮ್ಮ, "ನನ್ ಮಗ ಬರ್ಲಿ" ಎನ್ನುತ್ತಿದ್ದಳು. ಊರು ಎದುರಾಡುತ್ತಿರಲಿಲ್ಲ.

ಮನೆಯಲ್ಲಿ ಅವಳ ಜೊತೆ ಇದ್ದದ್ದು ಸೊಸೆ ರತ್ನ. ನನಗಿಂತ ಒಂದೆರಡು ವರ್ಷ ಚಿಕ್ಕವಳು. ಮದುವೆಯಾಗಿ ವರ್ಷ ತುಂಬುವಷ್ಟರಲ್ಲಿ ಗಂಡ ಹೋಗಿದ್ದ. ಹೊಲ, ದನ, ಹಿಪ್ಪುನೇರಳೆ ತೋಟ ಎಲ್ಲ ಅವಳದೇ ದುಡಿಮೆ. ನಾನು ಆ ಊರಿಗೆ ಹೋದಾಗಲೆಲ್ಲ ಅವಳ ಜೊತೆ ಸೊಪ್ಪು ಕೀಳುತ್ತಾ ಮಾತಾಡುತ್ತಿದ್ದೆ. ಎಂಥ ಮಾತುಗಾತಿ! ಡಾಕ್ಟರ ನಡಿಗೆಯನ್ನು ಅಣಕಿಸಿ ತೋರಿಸಿದಳೆಂದರೆ ಹೊಟ್ಟೆ ಹುಣ್ಣಾಗುತ್ತಿತ್ತು. ಒಂದು ದಿನ ಮಾತ್ರ ನಗಲಿಲ್ಲ. "ಅಕ್ಕಾ, ಮಾಲೂರ್ ಕಡೆಯಿಂದ ಒಬ್ರು ಕೇಳ್ಸವ್ರೆ. ಹೂಕೋಸು ಬೆಳೀತಾರಂತೆ, ಎಂಡ್ರು ತೀರೋಗವ್ಳೆ" ಎಂದಳು. ಅವರ ಜನರಲ್ಲಿ ಕೂಡಿಕೆಗೆ, ಅಂದರೆ ಹೆಣ್ಣು ಎರಡನೆಯ ಮದುವೆಯಾಗುವುದಕ್ಕೆ, ಅಡ್ಡಿಯಿರಲಿಲ್ಲ. ಆದರೆ ಅತ್ತೆ ಒಪ್ಪಬೇಕು, ಮಗ ಬರುವುದಿಲ್ಲ ಎಂದು ತಾಯಿಯೇ ಬಾಯಿಬಿಟ್ಟು ಹೇಳಬೇಕು.

"ನಿನಗೆ ಇಷ್ಟ ಐತೇನೇ?" ಎಂದೆ.

"ಇಷ್ಟ ಗಿಷ್ಟ ಗೊತ್ತಿಲ್ಲ ಕಣಕ್ಕಾ. ಆ ಯಪ್ಪ ಸಂಜೆ ಆದ್ರೆ ಮನೇಗ್ ಬರ್ತಾರಂತೆ. ಅಷ್ಟ್ ಸಾಕು" ಎಂದಳು. ಸೊಪ್ಪಿನ ಮಂಕರಿ ತಲೆಗೇರಿಸಿಕೊಂಡು ಹಿಂದಿರುಗಿ ನೋಡದೆ ನಡೆದಳು.

ಆ ವರ್ಷ ಮಳೆ ಹಿಡಿದದ್ದು ಬಿಡಲಿಲ್ಲ. ಕೋಲಾರ ಸೀಮೆಯಲ್ಲಿ ಮಳೆ ಜಾಸ್ತಿಯಾಯಿತು ಎಂದರೆ ಈಗಿನವರು ನಂಬುವುದಿಲ್ಲ. ಕೆರೆ ಕೋಡಿ ಬಿದ್ದು, ತಗ್ಗಿನ ಹಗೇವುಗಳಿಗೆ ನೀರು ಜಿನುಗಿತು. ಸರದಿಯವರ ಹಗೇವು ತೆಗೆದರೆ ರಾಗಿ ಕಪ್ಪು ಕೆಸರಾಗಿತ್ತು. ಇನ್ನೊಂದು ತೆಗೆದರು, ಅದೂ ಹಾಗೇ. ಹೊಲದ ಪೈರು ಮಲಗಿಬಿಟ್ಟಿತ್ತು. ಊರಿನವರೆಲ್ಲರ ಕಣ್ಣು ಎತ್ತರದ ಬಂಡೆನೆಲದ ಕಡೆಗೆ ಹೋಗುತ್ತಿತ್ತು, ಬಾಯಿ ಮಾತ್ರ ಬರುತ್ತಿರಲಿಲ್ಲ. ಪಾಪಮ್ಮನನ್ನು ಹೇಗೆ ಕೇಳುವುದು?

ಡಾಕ್ಟರಿಗೆ ಅಂಥ ಸಂಕೋಚವೇನೂ ಇರಲಿಲ್ಲ. ಅಷ್ಟು ವರ್ಷ ತೆಗೆಯದ ಹಗೇವು ಇಡೀ ಜಿಲ್ಲೆಯಲ್ಲಿ ಅದೊಂದೇ ಸಿಕ್ಕಿತ್ತು. ಅದರೊಳಗಿನ ಗಾಳಿ, ರಾಗಿ ಎರಡೂ ಅವರಿಗೆ ಬೇಕೇಬೇಕಿತ್ತು. ವಿನ್ಯಾಸದವರು ಉದ್ದನೆಯ ಕೊಳವೆಯೊಂದನ್ನು ಮಾಡಿಕೊಟ್ಟಿದ್ದರು, ಅದನ್ನು ಬಾಯಿಯ ಮಣ್ಣಿನ ಮೂಲಕ ಚುಚ್ಚಿ ಮಾದರಿ ತೆಗೆಯಬಹುದು. "ಹಗೇವು ತೆಗೆಯೋದೇ ಬೇಡ, ಒಂದು ತೂತು ಸಾಕು, ಅಜ್ಜಿಗೆ ಹೇಳಮ್ಮ" ಎಂದರು.

ಹೇಳಿದೆ. ಪಾಪಮ್ಮ ಎದ್ದು ಹೋಗಿ ಹಗೇವಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. "ಮೊದ್ಲು ನನ್ ಎದೆಗೆ ಚುಚ್ಚಿ, ಆಮೇಲೆ ಇದಕ್ಕೆ ಚುಚ್ಚೀರಂತೆ" ಎಂದಳು.

ಡಾಕ್ಟರು ಸಿಟ್ಟಾದರು. ಊರಿಗೆ ಊರೇ ಹಸಿದುಕೊಂಡು ಕೂತಿದೆ, ಕಾಲ ಕೆಳಗೆ ರಾಗಿ ಇದೆ, ಇದು ಯಾವ ನ್ಯಾಯ ಎಂದು ಇಂಗ್ಲಿಷಿನಲ್ಲಿ ಕೂಗಿದರು. ನಾನು ಅದನ್ನು ಅಜ್ಜಿಗೆ ಹೇಳಲಿಲ್ಲ. ಹೇಳುವ ಅಗತ್ಯವೂ ಬರಲಿಲ್ಲ, ಏಕೆಂದರೆ ಕೂಗು ಕೇಳಿ ಸೇರಿದ್ದ ಊರವರ ನಡುವಿನಿಂದ ರತ್ನ ಗುದ್ದಲಿ ಹಿಡಿದುಕೊಂಡು ಬಂದಳು. ಅತ್ತೆಯ ಎದುರು ನಿಂತು ಗಟ್ಟಿಯಾಗಿ ಹೇಳಿದಳು.

"ಅತ್ತೇ, ಮುಚ್ಚಿದ್ದು ನಿನ್ ಮಗ. ಇಲ್ಲ ಅನ್ನಲ್ಲ. ಕಳೆ ಕಿತ್ತಿದ್ಯಾರು? ಕುಯ್ದಿದ್ಯಾರು? ತೂರಿದ್ಯಾರು? ನಾನ್ ತಾನೆ? ಆ ರಾಗಿ ನಂದೂ ಅಲ್ವಾ? ಜನ ಹಸ್ಕೊಂಡವ್ರೆ. ನಾನ್ ತೆಗೀತೀನಿ, ಏಳು."

ಪಾಪಮ್ಮ ಸೊಸೆಯ ಮುಖವನ್ನು ಬಹಳ ಹೊತ್ತು ನೋಡಿದಳು. ಮಾಲೂರಿನ ಸುದ್ದಿ ಅವಳ ಕಿವಿಗೂ ಬಿದ್ದಿತ್ತು ಎಂದು ನನಗೆ ಆಗ ತಿಳಿಯಿತು. ಕೊನೆಗೆ ಮಂಡಿಯ ಮೇಲೆ ಕೈಯೂರಿ ಎದ್ದಳು. ಎದ್ದು ನನ್ನ ಕಡೆ ಬೆರಳು ತೋರಿಸಿದಳು.

"ತೆಗೀರಿ. ಆದ್ರೆ ನೀನು ಕೋಲಾರದಾಗೆ ರಾಗಿ ಮೊಳಕೆ ಕಟ್ತೀಯಂತಲ್ಲ, ಇದ್ನೂ ಕಟ್ಟು. ಮೊಳಕೆ ಬಂದ್ರೆ ನನ್ ಮಗ ಅವ್ನೆ. ಬರ್ಲಿಲ್ಲ ಅಂದ್ರೆ ಇಲ್ಲ. ಇಲ್ಲ ಅಂದ್ರೆ ಇವ್ಳು ಮಾಲೂರಿಗೆ ಹೋಗ್ಲಿ. ಎಲ್ರೆದುರ್ಗೂ ಹೇಳಿದ್ದೀನಿ."

ಬಿತ್ತನೆಗೆ ಬರುತ್ತದೆಯೇ ಎಂದು ನೋಡಲು ಎಲ್ಲ ಹಗೇವಿನ ರಾಗಿಯನ್ನೂ ನಾವು ಹಾಗೆ ಪರೀಕ್ಷೆ ಮಾಡುತ್ತಿದ್ದೆವು. ಯಾವತ್ತೋ ಮಾತಿಗೆ ನಾನೇ ಅವಳಿಗೆ ಹೇಳಿದ್ದೆ. ಅದು ಹೀಗೆ ಒಂದು ಹೆಣ್ಣಿನ ಬದುಕಿಗೆ ಬಂದು ಸುತ್ತಿಕೊಳ್ಳುತ್ತದೆ ಎಂದು ಯಾರು ಕಂಡಿದ್ದರು?

ರತ್ನ ಅಗೆದಳು. ಮಣ್ಣು, ಬೂದಿ ಸರಿಸಿದ ಮೇಲೆ ಜೇಡಿಮಣ್ಣಿನ ಮೇಲೆ ಅಂಗೈ ಕಾಣಿಸಿತು, ಐದು ಬೆರಳೂ ಸ್ಪಷ್ಟವಾಗಿ. ಗುದ್ದಲಿ ನಿಂತಿತು. ಪಾಪಮ್ಮ ಕುಡುಗೋಲಿನ ತುದಿಯಿಂದ ಅದರ ಸುತ್ತ ಬಿಡಿಸಿ, ಹೆಂಟೆಯನ್ನು ಒಡೆಯದ ಹಾಗೆ ಎತ್ತಿ, ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋದಳು. ಚಪ್ಪಡಿ ಸರಿಸಿದಾಗ ಆ ವಾಸನೆ ಎದ್ದಿತು ನೋಡಿ! ಮಳೆಯಲ್ಲಿ ನೆನೆದು ಮಂಕಾಗಿದ್ದ ಊರು ಒಂದೇ ಉಸಿರಿಗೆ ಎಚ್ಚರವಾಯಿತು. ಅಂಚಿನ ರಾಗಿ ಕಪ್ಪಾಗಿತ್ತು, ನಡುವಿನದೆಲ್ಲ ಚೆನ್ನಾಗಿತ್ತು. ಹೆಂಗಸರು ಮೊರ ತಂದರು. ಡಾಕ್ಟರು ಮೂಗಿಗೆ ಕರವಸ್ತ್ರ ಕಟ್ಟಿಕೊಂಡೇ ಮುದ್ದೆ ಉಂಡರು, ಎರಡನೆಯ ಮುದ್ದೆಗೆ ಕರವಸ್ತ್ರ ಬಿಚ್ಚಿದರು.

ಹೊರಡುವಾಗ ರತ್ನ ಜೀಪಿನ ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡಳು. "ಅಕ್ಕಾ, ಮೊಳಕೆ ಬರ್ದೇ ಇರ್ಲಿ ಅಂತ ಕೇಳ್ಕೊಂಡ್ರೆ ಪಾಪ ಬರುತ್ತಾ?" ಎಂದಳು. ನಾನು ಅವಳ ಕೈಯನ್ನು ಒಮ್ಮೆ ಒತ್ತಿ ಜೀಪು ಹತ್ತಿದೆ.

ಕೋಲಾರದ ಕಚೇರಿಯ ಕಿಟಕಿಯಲ್ಲಿ ಎರಡು ಗಾಜಿನ ತಟ್ಟೆ ಇಟ್ಟೆ. ಒದ್ದೆ ಬಟ್ಟೆಯ ಮೇಲೆ ಒಂದರಲ್ಲಿ ಹಿಂದಿನ ಸುಗ್ಗಿಯ ಹೊಸ ರಾಗಿ, ಇನ್ನೊಂದರಲ್ಲಿ ಪಾಪಮ್ಮನದು. ಹೊಸದು ಬೇಗನೆ ಬಿಳಿ ಬಾಲ ಬಿಟ್ಟಿತು. ಪಾಪಮ್ಮನದು ಹಾಗೇ ಮಲಗಿತ್ತು. ಬೆಳಗ್ಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಆ ತಟ್ಟೆ ನೋಡುತ್ತಿದ್ದೆ. ಏನೂ ಇಲ್ಲ ಎಂದು ಕಂಡಾಗ ರತ್ನ ನೆನಪಾಗಿ ಸಮಾಧಾನ, ಮರುಕ್ಷಣವೇ ಪಾಪಮ್ಮ ನೆನಪಾಗಿ ದುಃಖ. ದೇವರಿಗೆ ಏನೆಂದು ಬೇಡಿಕೊಳ್ಳಲಿ? ಸುಮ್ಮನೆ ನೀರು ಚಿಮುಕಿಸಿ ಬರುತ್ತಿದ್ದೆ.

ಪರೀಕ್ಷೆ ಮುಗಿಸಬೇಕಾದ ದಿನ ತಟ್ಟೆಯ ಒಂದು ಮೂಲೆಯಲ್ಲಿ ಒಂದೇ ಒಂದು ಕಾಳು ಬಾಯಿ ಬಿಟ್ಟಿತ್ತು. ದಾರದ ತುಣುಕಿನಷ್ಟು ಬಿಳುಪು. ಡಾಕ್ಟರು ಮಸೂರ ಹಿಡಿದು ನೋಡಿದರು.

"ಒಂದೇ ಒಂದು. ಇದನ್ನ ಲೆಕ್ಕಕ್ಕೆ ಹಿಡಿಯೋಕಾಗಲ್ಲ. ಪಕ್ಕದ ತಟ್ಟೆಯಿಂದ ಹಾರಿ ಬಂದಿದ್ದರೂ ಬಂದಿರಬಹುದು. ಉಣ್ಣೋದಕ್ಕೆ ಯೋಗ್ಯ, ಬಿತ್ತನೆಗೆ ಯೋಗ್ಯವಲ್ಲ ಅಂತ ಬರಿ."

"ಬರೀತೀನಿ ಸಾರ್. ಅಜ್ಜಿಗೆ ಏನು ಹೇಳಲಿ?"

ಸುಬ್ಬರಾಯರು ಕನ್ನಡಕ ತೆಗೆದು ಒರೆಸಿದರು. "ನಾವೇನೂ ಹೇಳೋದು ಬೇಡಮ್ಮ. ತಟ್ಟೆ ತಗೊಂಡು ಹೋಗೋಣ. ಅವರ ರಾಗಿ, ಅವರೇ ನೋಡಲಿ" ಎಂದರು. ಮೇಲಧಿಕಾರಿಗಳ ಬಗ್ಗೆ ನನಗೆ ಗೌರವ ಬಂದ ದಿನಗಳು ಕಡಿಮೆ, ಅದು ಅಂಥ ದಿನ. ಟೇಕಲ್ ದಾರಿಯ ಗುಂಡಿಗಳಲ್ಲಿ ಜೀಪು ಎಗರುವಾಗ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ.

ಪಾಪಮ್ಮ ಜಗುಲಿಯ ಮೇಲೆ ಕೂತು ತಟ್ಟೆಯನ್ನು ಬೆಳಕಿಗೆ ಹಿಡಿದಳು. ರತ್ನ ಬಾಗಿಲ ಸಂದಿಯಲ್ಲಿ ನಿಂತಿದ್ದಳು, ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಮುದುಕಿ ಬೆರಳ ತುದಿಯಿಂದ ಕಾಳುಗಳನ್ನು ಒಂದೊಂದಾಗಿ ಸರಿಸುತ್ತಾ ಸರಿಸುತ್ತಾ ಆ ಮೂಲೆಗೆ ಬಂದಳು. "ಐತೆ" ಎಂದಳು. ಒಳಗೆ ರತ್ನ ಬಿಕ್ಕಿದ್ದು ಕೇಳಿಸಿತು.

ಪಾಪಮ್ಮ ಹೃದಯದ ಮಾತಾಡುವಾಗ ತೆಲುಗಿಗೆ ಹೊರಳುತ್ತಿದ್ದಳು. ಅವತ್ತು ಹೇಳಿದ್ದೆಲ್ಲ ತೆಲುಗಿನಲ್ಲೇ. ಕನ್ನಡದಲ್ಲಿ ಹೇಳುವುದಾದರೆ ಇಷ್ಟು:

"ರತ್ನಾ, ಬಾರೇ ಈಚೆಗೆ. ಅಳ್ಬೇಡ. ನೋಡು, ಅವ್ನು ಎಲ್ಲೋ ಇದ್ದಾನೆ. ಸತ್ತಿದ್ರೆ ನಾವಿಬ್ರೂ ಒಟ್ಗೇ ಅಳ್ತಿದ್ವಿ, ನೀನು ಈ ಮನೇಲೇ ಇರು ಅಂತ ಕೈ ಹಿಡ್ಕೋತಿದ್ದೆ. ಬದುಕಿದ್ದೂ ಬರ್ದೇ ಇರೋನಿಗೆ ನೀನ್ಯಾಕೆ ಕಾಯ್ಬೇಕು? ನಾನು ಹೆತ್ತೋಳು, ನನಗೆ ಬೇರೆ ದಾರಿ ಇಲ್ಲ, ಕಾಯ್ತೀನಿ. ನೀನು ಹೋಗು ತಾಯಿ. ಮಾಲೂರಿಗೆ ಹೇಳಿ ಕಳಿಸ್ತೀನಿ."

ಡಾಕ್ಟರು ನನ್ನ ಮೊಣಕೈ ತಿವಿದು, "ಏನಂದರು? ಏನಂದರು?" ಎಂದು ಕೇಳುತ್ತಿದ್ದರು. "ಆಮೇಲೆ ಹೇಳ್ತೀನಿ ಸಾರ್" ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಜೀಪಿನಲ್ಲಿ ಕೂತ ಮೇಲೆ ಹೇಳಿದೆ.

ಸಂಕ್ರಾಂತಿ ಕಳೆದ ಮೇಲೆ ಕೂಡಿಕೆ ಎಂದು ನಿಶ್ಚಯವಾಯಿತು. ಮಳೆಗೆ ಉಳಿದು ಕೈಗೆ ಬಂದಷ್ಟು ರಾಗಿಯನ್ನು, ಹೋಗುವ ಮೊದಲು ರತ್ನ ಅದೇ ಹಗೇವಿಗೆ ತುಂಬಿದಳು. ನಾನೂ ಹೋಗಿದ್ದೆ. ಹುಲ್ಲು ಹಾಸಿ, ಚಪ್ಪಡಿ ಎಳೆದು, ಜೇಡಿಮಣ್ಣು ಮೆತ್ತಿದ ಮೇಲೆ ಪಾಪಮ್ಮ ಸೊಸೆಯ ಕೈ ಹಿಡಿದು ಹಸಿಮಣ್ಣಿನ ಮೇಲೆ ಒತ್ತಿಸಿದಳು. "ಮುಚ್ಚಿದೋರೇ ತೆಗೀಬೇಕು, ಗೊತ್ತಲ್ಲ?" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನೀನ್ಯಾಕೆ ಮರದಂಗೆ ನಿಂತಿದ್ದೀಯಾ, ನೀನೂ ಒತ್ತೇ" ಎಂದು ಗದರಿದಳು. ಒತ್ತಿದೆ. ಮಣ್ಣು ತಣ್ಣಗಿತ್ತು. ನನ್ನ ಬೆರಳು ಮೋಟು ಮೋಟಾಗಿವೆ ಎಂದು ರತ್ನ ಕಣ್ಣೀರಿನ ಮಧ್ಯೆಯೇ ನಕ್ಕಳು.

ಯೋಜನೆ ಮುಗಿಯಿತು. ನಾಲ್ಕು ಶಾಸ್ತ್ರದವರೂ ಸೇರಿ ದಪ್ಪನೆಯ ವರದಿ ಬರೆದರು. ತಗಡಿನ ಕಣಜ ಒಳ್ಳೆಯದು ಎಂದು ಅದರಲ್ಲಿತ್ತು, ಸುಳ್ಳೇನೂ ಅಲ್ಲ. ಹಗೇವಿಗೆ ಇಳಿದು ಉಸಿರುಗಟ್ಟಿ ಸತ್ತವರನ್ನು ನಾನೂ ಕಂಡಿದ್ದೇನೆ. ಎಂಬತ್ತರ ದಶಕದಲ್ಲಿ ಮನೆಮನೆಗೂ ತಗಡಿನ ಕಣಜ ಬಂತು. ಬೇಕಾದಾಗ ಬೇಕಾದಷ್ಟು ತಿರುಪು ತಿರುಗಿಸಿ ರಾಗಿ ಇಳಿಸಿಕೊಳ್ಳಬಹುದು, ಯಾರ ಮನೆಗೂ ಮೊರ ಹಿಡಿದು ಹೋಗಬೇಕಾಗಿಲ್ಲ, ಯಾರೂ ಬರಬೇಕಾಗಿಲ್ಲ. ಸರದಿ ಎಂಬ ಮಾತೇ ಬಿದ್ದುಹೋಯಿತು. ನಾವು ಅಳೆದದ್ದೆಲ್ಲ ಸರಿಯಾಗಿತ್ತು. ಆ ಸಾಲಿನಲ್ಲಿ ಕೂತ ಹೆಂಗಸರ ಹರಟೆಯನ್ನು ಯಾವ ಕಾಲಂನಲ್ಲಿ ಬರೆಯಬೇಕೆಂದು ಯಾರಿಗೂ ತೋಚಿರಲಿಲ್ಲ, ನನಗೂ ತೋಚಲಿಲ್ಲ. ಹೊಸಬರೇ, ನೀವು ಅದಕ್ಕೊಂದು ಕಾಲಂ ಇಟ್ಟುಕೊಳ್ಳಿ.

ಕೆಲವು ವರ್ಷಗಳ ನಂತರ ಒಂದು ಮಧ್ಯಾಹ್ನ ರತ್ನ ನಮ್ಮ ಕಚೇರಿಗೆ ಬಂದಳು. ಕಂಕುಳಲ್ಲಿ ಹೆಣ್ಣುಮಗು, ಕೈಯಲ್ಲಿ ಗಂಟು. ಗಂಟು ಮೇಜಿನ ಮೇಲೆ ಇಟ್ಟ ಕೂಡಲೇ ಹೊಸದಾಗಿ ಬಂದಿದ್ದ ಅಧಿಕಾರಿ ಮೂಗು ಮುಚ್ಚಿಕೊಂಡರು. ನಾನು ಮುಖವನ್ನೇ ಗಂಟಿಗೆ ಒತ್ತಿಕೊಂಡೆ.

"ಹಗೇವು ತೆಗುದ್ವಿ ಅಕ್ಕಾ. ಊರಾಗೆ ಉಳ್ದಿದ್ದು ಅದೊಂದೇ. ಅತ್ತೆ ಹೇಳಿ ಕಳ್ಸಿದ್ಳು. ನಾನ್ ಹೋಗಿದ್ದು ನೋಡಿ ಏನಂದ್ಳು ಗೊತ್ತಾ? 'ಬಂದೋಳು ನೀನೇ ಅಲ್ವೇನೇ' ಅಂದ್ಳು. ನನ್ ಕೈಗುರ್ತ ನಾನೇ ಒಡ್ದೆ. ನಿಂದು ಒಡೀಬ್ಯಾಡ ಅಂದ್ಳು. ಎತ್ತಿ ಗೂಡಿನಾಗೆ ಮಡಗವ್ಳೆ."

ಆ ಭಾನುವಾರವೇ ಬಸ್ಸು ಹತ್ತಿದೆ. ಪಾಪಮ್ಮ ತುಂಬಾ ಸಣ್ಣವಳಾಗಿ ಹೋಗಿದ್ದಳು. ಗೋಡೆಯ ಗೂಡಿನಲ್ಲಿ ಎರಡು ಮಣ್ಣಿನ ಹೆಂಟೆ ಅಕ್ಕಪಕ್ಕ ಇದ್ದವು. ಒಂದರಲ್ಲಿ ಕಿಟ್ಟಪ್ಪನ ಉದ್ದ ಬೆರಳು, ಇನ್ನೊಂದರಲ್ಲಿ ನನ್ನ ಮೋಟು ಬೆರಳು. ನನ್ನದನ್ನು ಎತ್ತಿ ನನ್ನ ಕೈಗಿತ್ತು, "ಒಡ್ದಾಕು. ಬಂದ್ಯಲ್ಲ" ಎಂದಳು. ನನಗೆ ಮನಸ್ಸಾಗಲಿಲ್ಲ, ಇಟ್ಟುಕೊಳ್ಳುತ್ತೇನೆ ಎಂದೆ. "ಬಂದೋರದ್ದು ಇಟ್ಕೋಬಾರ್ದು ಕಣೇ" ಎಂದು ಬೈದಳು. ಹೊರಗೆ ಹೋಗಿ ಹಿಪ್ಪುನೇರಳೆಯ ಪಾತಿಯಲ್ಲಿ ಪುಡಿ ಮಾಡಿ ಹಾಕಿದೆ. ಒಳಗೆ ಬಂದಾಗ ಅವಳು ಉಳಿದ ಹೆಂಟೆಯ ಧೂಳನ್ನು ಸೆರಗಿನಿಂದ ಒರೆಸುತ್ತಿದ್ದಳು. ಒರೆಸಿ, ಗೂಡಿನ ನಡುವಿಗೆ ಸರಿಸಿ ಇಟ್ಟಳು. ಆಮೇಲೆ ನನಗೆ ಮುದ್ದೆ ಬಡಿಸಿದಳು.

ಪಾಪಮ್ಮ ಹೋಗಿ ಎಷ್ಟೋ ಕಾಲವಾಯಿತು. ಕಿಟ್ಟಪ್ಪ ಬರಲಿಲ್ಲ. ನಾನು ಎಷ್ಟೋ ಊರು ಸುತ್ತಿದೆ, ಎಷ್ಟೋ ಬಾಗಿಲು ಬಡಿದೆ, ಎಷ್ಟೋ ಜನರನ್ನು ಪ್ರಶ್ನೆ ಕೇಳಿದೆ. ಈಗಲೂ ಒಮ್ಮೊಮ್ಮೆ ಎಸರಿಗೆ ರಾಗಿ ಹಿಟ್ಟು ಸುರಿಯುವಾಗ ಆ ವಾಸನೆ ಬಂತೇನೋ ಎಂದು ನಿಂತುಬಿಡುತ್ತೇನೆ, ಬಂದಿರುವುದಿಲ್ಲ. ನನ್ನ ಕೈಗುರುತು ಇಟ್ಟುಕೊಂಡು, ನಾನು ಬರುತ್ತೇನೆ ಎಂದು ಕಾದ ಮನೆ ಪಾಪಮ್ಮನದೊಂದೇ.